ಫಿಫ್ತ್ ವೀಲ್ ಕೊಳ್ಳುವ ಮೊದಲು ಟ್ರಕ್ಕಿನ ಬಾಗಿಲು ತೆರೆಯಿರಿ

ಎತ್ತಿನ ಗಾಡಿಗೆ ಹೇರು ತುಂಬಿದವರಿಗೆ ಮೂಕಿಭಾರ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೂಟೆಗಳೆಲ್ಲ ಮುಂದಕ್ಕೆ ಸರಿದರೆ ಎತ್ತುಗಳು ಎಳೆಯುವುದರ ಜೊತೆಗೆ ಹೊರಲೂ ಬೇಕು, ಹೆಗಲು ಬಾತುಕೊಳ್ಳುತ್ತದೆ. ಟೆಕ್ಸಾಸ್‌ನಲ್ಲಿ ಟ್ರೇಲರ್‌ಗಳಿಗೆ ಹಿಚ್ (ಟ್ರಕ್ಕಿಗೆ ಟ್ರೇಲರ್ ಕಟ್ಟುವ ಕೊಂಡಿ) ಅಳವಡಿಸುವ ನಾನು, ಫಿಫ್ತ್ ವೀಲ್, ಅಂದರೆ ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆಯುವ ಮನೆಯಂಥ ದೊಡ್ಡ ಟ್ರೇಲರ್, ಕೊಳ್ಳಬೇಕೆಂದು ಬರುವ ನಮ್ಮವರಿಗೆ ಮೊದಲು ನೆನಪಿಸುವುದು ಈ ಮೂಕಿಭಾರವನ್ನೇ.

ಫಿಫ್ತ್ ವೀಲ್ ಟ್ರೇಲರ್‌ನ ಮೂತಿ ಪಿಕಪ್ ಟ್ರಕ್ಕಿನ ತೊಟ್ಟಿಯೊಳಗೆ, ಹಿಂದಿನ ಅಚ್ಚಿನ ನೇರಕ್ಕೆ ಕೂರುತ್ತದೆ. ಗಾಳಿಯಲ್ಲೂ ತಿರುವಿನಲ್ಲೂ ಅದು ಓಲಾಡದೆ ಬರುವುದು ಇದರಿಂದಲೇ. ಆದರೆ ತುಂಬಿದ ಟ್ರೇಲರ್‌ನ ತೂಕದಲ್ಲಿ ಶೇ. 20ರಿಂದ 25ರಷ್ಟು ಟ್ರಕ್ಕಿನ ಬೆನ್ನ ಮೇಲೆ ಬೀಳುತ್ತದೆ. ಇದಕ್ಕೆ ಪಿನ್ ತೂಕ ಎನ್ನುತ್ತಾರೆ. ಬಂಪರಿನ ಹಿಂದೆ ಕಟ್ಟಿಕೊಳ್ಳುವ ಸಾಮಾನ್ಯ ಟ್ರೇಲರ್‌ನಲ್ಲಿ ಈ ಭಾರ ಶೇ. 10ರಿಂದ 15 ಮಾತ್ರ.

ಕಳೆದ ವರ್ಷ ನಿವೃತ್ತ ದಂಪತಿ ಬಂದಿದ್ದರು. ಟ್ರಕ್ಕು ಮುಕ್ಕಾಲು ಟನ್ ವರ್ಗದ (ಇದು ವರ್ಗದ ಹೆಸರಷ್ಟೇ, ಹೊರುವ ತೂಕವಲ್ಲ) ಡೀಸೆಲ್ ಗಾಡಿ. "ಇದು 17,000 ಪೌಂಡ್ ಎಳೆಯುತ್ತದಂತೆ, ನಮ್ಮ ಟ್ರೇಲರ್ 10,800 ಅಷ್ಟೇ" ಎಂದರು ಯಜಮಾನರು. ಅವರು ಹೇಳಿದ ಎರಡೂ ಅಂಕಿಗಳು ಸರಿ. ಎರಡೂ ಈ ಲೆಕ್ಕಕ್ಕೆ ಬಾರವು.

10,800 ಎನ್ನುವುದು ಟ್ರೇಲರ್ ಕಾರ್ಖಾನೆಯಿಂದ ಹೊರಟಾಗಿನ ಖಾಲಿ ತೂಕ. ಅದರಲ್ಲಿ ನೀರಿಲ್ಲ, ಪಾತ್ರೆಯಿಲ್ಲ, ಅಕ್ಕಿಯಿಲ್ಲ, ಹಾಸಿಗೆಯಿಲ್ಲ. ಒಂದು ಗ್ಯಾಲನ್ ನೀರು 8.34 ಪೌಂಡ್ ತೂಗುತ್ತದೆ. 50 ಗ್ಯಾಲನ್ ತೊಟ್ಟಿ ತುಂಬಿದರೆ ಅಲ್ಲೇ 417 ಪೌಂಡ್ ಏರಿತು. ಹಾಗಾಗಿ ನಾನು ಖಾಲಿ ತೂಕವನ್ನು ನೋಡುವುದೇ ಇಲ್ಲ. ಟ್ರೇಲರ್‌ನ ಮೈಮೇಲೆ ನಮೂದಿಸಿರುವ ಗರಿಷ್ಠ ತೂಕವನ್ನು, ಅಂದರೆ ಜಿವಿಡಬ್ಲ್ಯುಆರ್ ಅನ್ನು ಹಿಡಿಯುತ್ತೇನೆ. ಅವರದು 13,500. ಶೇ. 22ರಂತೆ ಪಿನ್ ತೂಕ 2,970 ಪೌಂಡ್. ಕಿರುಹೊತ್ತಗೆಯಲ್ಲಿ ಅಚ್ಚಾಗಿದ್ದದ್ದು 2,050, ಅದೂ ಖಾಲಿ ಟ್ರೇಲರ್‌ನದು. ಬಟ್ಟೆಯ ಕಪಾಟು, ಬ್ಯಾಟರಿ, ಜನರೇಟರ್ ಇವೆಲ್ಲ ಬಹುತೇಕ ಮೂತಿಯ ಕಡೆಗೇ ಇರುವುದರಿಂದ, ಸಾಮಾನು ತುಂಬಿದಂತೆ ಪಿನ್ ತೂಕ ಏರುತ್ತಲೇ ಹೋಗುತ್ತದೆ.

ಇನ್ನು ಟ್ರಕ್ಕು. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಕೂತವರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅವರ ಟ್ರಕ್ಕಿಗೆ 2,350. ದಂಪತಿ 330, ಹಿಚ್ 180, ಸಲಕರಣೆ ಪೆಟ್ಟಿಗೆ ಮತ್ತು ಸೌದೆ 150. ಪಿನ್‌ಗೆ ಉಳಿದದ್ದು 1,690 ಮಾತ್ರ. ಪಿನ್ ತೂಕ ಹೆಚ್ಚೆಂದರೆ ಶೇ. 25 ಎಂದು ಹಿಡಿದು ಇದನ್ನು 0.25ರಿಂದ ಭಾಗಿಸಿದರೆ 6,760. ಆ ಟ್ರಕ್ಕು ನಿಶ್ಚಿಂತೆಯಿಂದ ಹೊರಬಲ್ಲ ಫಿಫ್ತ್ ವೀಲ್ ಅಷ್ಟರದ್ದು. ಎಳೆಯುವ ಶಕ್ತಿ ಇನ್ನೂ ಧಾರಾಳವಾಗಿದ್ದಾಗಲೇ ಹೊರುವ ಶಕ್ತಿ ಮುಗಿದಿತ್ತು.

ಅವರಿಗೆ ನಂಬಿಕೆ ಬರಲಿಲ್ಲ. ಅದು ಸಹಜ, ಟ್ರೇಲರ್‌ಗೆ ಆಗಲೇ ಹಣ ಕಟ್ಟಿಯಾಗಿತ್ತು. ಪ್ರವಾಸಕ್ಕೆ ತುಂಬಿದಂತೆಯೇ ತುಂಬಿಸಿ, ಲಾರಿಗಳು ನಿಲ್ಲುವ ಟ್ರಕ್ ಸ್ಟಾಪ್‌ನ ವೇಬ್ರಿಡ್ಜ್‌ಗೆ ಕರೆದೊಯ್ದೆ. ಅಲ್ಲಿ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರ್‌ನ ಅಚ್ಚುಗಳು ಪ್ರತ್ಯೇಕವಾಗಿ ತೂಗುತ್ತವೆ. ಟ್ರೇಲರ್ ಕಟ್ಟಿದಾಗ ಟ್ರಕ್ಕಿನ ಎರಡೂ ಅಚ್ಚು ಸೇರಿ 11,030, ಬಿಚ್ಚಿದಾಗ 8,310. ವ್ಯತ್ಯಾಸವಾದ 2,720 ಪೌಂಡೇ ಪಿನ್ ತೂಕ. ಟ್ರೇಲರ್‌ನ ಗಾಲಿಗಳ ಮೇಲೆ 9,480 ಇತ್ತು. ಕೂಡಿದರೆ ಟ್ರೇಲರ್ 12,200. ಸ್ವಂತ ತೂಕವೂ ಸೇರಿ ಟ್ರಕ್ಕಿನ ಒಟ್ಟು ಮಿತಿ 10,000, ಅದರ ಮೇಲೆ 1,030 ಪೌಂಡ್ ಹೆಚ್ಚು ಕೂತಿತ್ತು.

ಏರ್‌ಬ್ಯಾಗ್ (ಹಿಂದಿನ ಸ್ಪ್ರಿಂಗಿಗೆ ಒತ್ತಾಸೆಯಾಗುವ ಗಾಳಿಚೀಲ) ಹಾಕಿಸಿದರೆ ಸಾಲದೇ ಎಂದು ಕೇಳಿದರು. ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ, ಪ್ರತಿ ಸಲವೂ ನನಗೆ ಆತಂಕವಾಗುತ್ತದೆ. ಹಿಂಭಾಗ ತಗ್ಗುವುದನ್ನು ಅದು ಸರಿಪಡಿಸುತ್ತದೆ ನಿಜ. ಆದರೆ ಟೈರು, ಅಚ್ಚು, ಬ್ರೇಕುಗಳ ಮೇಲಿನ ಭಾರ ಒಂದು ಪೌಂಡೂ ಇಳಿಯುವುದಿಲ್ಲ. ಕಣ್ಣಿಗೆ ಮಟ್ಟಸವಾಗಿ ಕಾಣುವ ಗಾಡಿಯ ಹಿಂದಿನ ಟೈರು ಬೇಸಗೆಯ ಹೆದ್ದಾರಿಯಲ್ಲಿ ಸಿಡಿಯಬಹುದು. ಸಾಮಾನನ್ನು ಹಿಂದಕ್ಕೆ ತಳ್ಳಿ ಪಿನ್ ತೂಕ ಇಳಿಸುವ ಉಪಾಯವೂ ಬೇಡ. ಮೂತಿ ತೀರಾ ಹಗುರವಾದರೆ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ.

ಕೊನೆಗೆ ಅವರು ಹಿಂದೆ ನಾಲ್ಕು ಗಾಲಿಯ ಒಂದು ಟನ್ ವರ್ಗದ ಟ್ರಕ್ಕಿಗೆ ಬದಲಾಯಿಸಿಕೊಂಡರು. ಮಳಿಗೆಯಲ್ಲಿ ಒಂದೇ ಮಾದರಿಯ ಮೂರು ಗಾಡಿಗಳ ಬಾಗಿಲು ತೆರೆಸಿ ಚೀಟಿ ಓದಿದರಂತೆ. ಸನ್‌ರೂಫ್, ನಾಲ್ಕು ಗಾಲಿ ಚಾಲನೆ ಇರುವುದಕ್ಕೂ ಇಲ್ಲದ್ದಕ್ಕೂ ಅಂಕಿ ಬೇರೆ ಬೇರೆ. ಆರಿಸಿಕೊಂಡದ್ದು 5,200ರದ್ದನ್ನು. ಮತ್ತೆ ಅದೇ ವೇಬ್ರಿಡ್ಜ್‌ಗೆ ಹೋದೆವು. ಈ ಸಲ ತೂಕದ ಚೀಟಿಯನ್ನು ಯಜಮಾನಿತಿ ಕೈಗೆ ತೆಗೆದುಕೊಂಡು, ಕೂಡಿಸಿ ಕಳೆದು, 1,820 ಪೌಂಡ್ ಉಳಿದಿದೆ ಎಂದರು.