ಕೇಳಿ ನುಗ್ಗೋರು, ಕೇಳ್ದೆ ನುಗ್ಗೋರು: ಎಥಿಕಲ್ ಹ್ಯಾಕಿಂಗ್ ಬಂದ ದಾರಿ

ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿರೋ ಮಕ್ಕಳನ್ನ ಮುಂದೇನ್ ಮಾಡ್ತೀರಾ ಅಂತ ಕೇಳಿದ್ರೆ ಈಗೀಗ ಸೈಬರ್ ಸೆಕ್ಯುರಿಟಿ, ಎಥಿಕಲ್ ಹ್ಯಾಕಿಂಗ್ ಅನ್ನೋ ಉತ್ತರ ಬರುತ್ತೆ, ಅದನ್ನ ಕೇಳಿದ ಕೂಡ್ಲೇ ಮನೇಲಿ ಅಪ್ಪ ಅಮ್ಮಂಗೆ ಗಾಬರಿ, ಹ್ಯಾಕಿಂಗ್ ಅಂದ್ರೆ ಪೊಲೀಸ್ ಕೇಸಲ್ವೇನಪ್ಪಾ ಅಂತ. ಅವರ ಗಾಬರೀಲಿ ಅರ್ಥ ಇದೆ. ಕೆಲಸ ಅದೇ, ಬಳಸೋ ಸಾಫ್ಟ್‌ವೇರ್ ಅದೇ, ಒಬ್ಬನಿಗೆ ಸಂಬಳ ಬರುತ್ತೆ ಇನ್ನೊಬ್ಬನಿಗೆ ಜೈಲಾಗುತ್ತೆ. ಇಬ್ಬರ ಮಧ್ಯೆ ಇರೋದು ಒಂದು ಕಾಗದ: ಆ ಕಂಪ್ಯೂಟರ್ ಯಾರದ್ದೋ ಅವರು ಬರ್ದು ಕೊಟ್ಟ ಅನುಮತಿ. ಅಷ್ಟು ಸಣ್ಣ ಕಾಗದ ರೂಢಿಗೆ ಬರೋಕೆ ಹೆಚ್ಚೂಕಮ್ಮಿ ಒಂದು ಶತಮಾನ ಬೇಕಾಯ್ತು, ಅದು ಹೇಗೆ ಅಂತ ಗೊತ್ತಾದ್ರೆ ಇವತ್ತು ನಮ್ಮ ಫೋನಿಗೆ ಬರ್ತಿರೋ ಮೋಸಗಳೂ ಸರಿಯಾಗಿ ಕಾಣ್ತವೆ.

ಕಂಪ್ಯೂಟರ್ ಹುಟ್ಟೋಕೂ ಮುಂಚೆ ಶುರು ಮಾಡ್ಬೇಕು. 1903ರ ಜೂನ್, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್. ಮಾರ್ಕೋನಿ ತನ್ನ ವೈರ್‌ಲೆಸ್ ಸಂದೇಶವನ್ನ ಬೇರೆ ಯಾರೂ ಕದ್ದು ಕೇಳೋಕಾಗಲ್ಲ ಅಂತ ಹೇಳ್ಕೊಂಡು ಬರ್ತಿದ್ದ. ಅವನ ಕಡೆಯಿಂದ ಫ್ಲೆಮಿಂಗ್ ಅನ್ನೋ ದೊಡ್ಡ ವಿಜ್ಞಾನಿ ಜನರ ಮುಂದೆ ಡೆಮೋ ಕೊಡೋಕೆ ನಿಂತಿದ್ರು, ಕಾರ್ನ್‌ವಾಲ್‌ನಿಂದ ಮಾರ್ಕೋನಿಯ ಸಂದೇಶ ಬರ್ಬೇಕು, ಅಷ್ಟರಲ್ಲಿ ಯಂತ್ರ ತಾನಾಗೇ ಮೋರ್ಸ್ ಅನ್ನೋ ಟಕ್ ಟಕ್ ಸಂಕೇತದಲ್ಲಿ ಇಲಿ ಇಲಿ ಅಂತ ಬಡ್ಕೊಳ್ಳೋಕೆ ಶುರು ಮಾಡ್ತು, ಆಮೇಲೆ ಮಾರ್ಕೋನಿಯನ್ನ ಆಡ್ಕೊಳ್ಳೋ ಪದ್ಯ ಬಂತು. ಮಾಡಿದ್ದು ನೆವಿಲ್ ಮಾಸ್ಕೆಲೈನ್ ಅನ್ನೋ ಜಾದೂಗಾರ, ವೈರ್‌ಲೆಸ್ ಕೂಡ ಚೆನ್ನಾಗಿ ಗೊತ್ತಿದ್ದೋನು. ಫ್ಲೆಮಿಂಗ್ ಕೋಪ ಮಾಡ್ಕೊಂಡು ಪತ್ರಿಕೆಗೆ ಬರೆದ್ರೆ, ಮಾಸ್ಕೆಲೈನ್ ನಾನೇ ಮಾಡಿದ್ದು, ಜನರಿಗೆ ನಿಜ ಗೊತ್ತಾಗ್ಲಿ ಅಂತಾನೇ ಮಾಡಿದ್ದು ಅಂತ ಉತ್ತರ ಬರೆದ. ಸಾಲಗಾಮೆ ರೋಡಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ದೊಡ್ಡ ದೊಡ್ಡ ಡಿಶ್ ನೋಡ್ಕೊಂಡು ಬೆಳೆದ ಹಾಸನದ ಮಕ್ಕಳಿಗೆ, ಗಾಳೀಲಿ ಹೋಗೋ ಸಿಗ್ನಲ್‌ಗೆ ಕಾವಲು ಯಾಕೆ ಬೇಕು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಮಾಸ್ಕೆಲೈನ್ ತೋರಿಸಿದ ತಪ್ಪು ನಿಜವಾದ ತಪ್ಪೇ. ಆದ್ರೆ ಯಾರನ್ನೂ ಕೇಳಿರ್ಲಿಲ್ಲ, ತುಂಬಿದ ಸಭೇಲಿ ಮರ್ಯಾದೆ ತೆಗೆದ, ಮುಂದೆ ಎಷ್ಟೋ ದಶಕ ಈ ಜಗಳ ಹೀಗೇ ನಡೀತು.

ಕೇಳಿ ನುಗ್ಗೋ ಪದ್ಧತಿ ಗಟ್ಟಿಯಾಗಿದ್ದು ಅಮೆರಿಕದ ಮಿಲಿಟರೀಲಿ. ಒಂದೇ ದೊಡ್ಡ ಕಂಪ್ಯೂಟರನ್ನ ಹತ್ತಾರು ಜನ ಹಂಚ್ಕೊಂಡು ಬಳಸೋ ಕಾಲ ಅದು, ಒಬ್ಬನ ಗುಟ್ಟಿನ ಫೈಲು ಇನ್ನೊಬ್ಬನಿಗೆ ಸಿಕ್ರೆ ಏನ್ ಗತಿ ಅನ್ನೋ ಭಯಕ್ಕೆ ತಮ್ಮ ಸಿಸ್ಟಮ್ ಮೇಲೆ ತಾವೇ ದಾಳಿ ಮಾಡಿಸೋಕೆ ಟೈಗರ್ ಟೀಮ್ ಅಂತ ಕಟ್ಟಿದ್ರು. 1974ರಲ್ಲಿ ಕಾರ್ಗರ್ ಮತ್ತು ಶೆಲ್ ಅನ್ನೋ ಇಬ್ಬರು ವಾಯುಪಡೆಗೋಸ್ಕರ ಮಲ್ಟಿಕ್ಸ್ ಅನ್ನೋ ಸಿಸ್ಟಮ್ ಪರೀಕ್ಷೆ ಮಾಡಿ ವರದಿ ಕೊಟ್ರು, ಆ ಕಾಲಕ್ಕೆ ಭದ್ರತೇಲಿ ಅದಕ್ಕೆ ಒಳ್ಳೇ ಹೆಸರಿತ್ತು, ಆದ್ರೂ ಒಳಗೆ ಹೋಗೋಕೆ ಒಂದಲ್ಲ ಹಲವು ದಾರಿ ಸಿಕ್ಕಿದ್ವು. ಇವತ್ತು ಕಂಪನಿಗಳು ದುಡ್ಡು ಕೊಟ್ಟು ಮಾಡಿಸೋ ಒಳನುಗ್ಗಿ ನೋಡೋ ಪರೀಕ್ಷೆ, ಅಂದ್ರೆ ಪೆನ್ ಟೆಸ್ಟಿಂಗ್‌ಗೆ ಮೂಲ ಇಂಥ ಕೆಲಸಾನೇ. ಅದೇ ಎಪ್ಪತ್ತರ ದಶಕದಲ್ಲಿ ಜಾನ್ ಡ್ರೇಪರ್ ಥರದೋರು ತಿಂಡಿ ಡಬ್ಬಿ ಜೊತೆ ಫ್ರೀ ಬರ್ತಿದ್ದ ಆಟದ ಪೀಪಿಯಿಂದ 2600 ಹರ್ಟ್ಜ್ ಸದ್ದು ಹೊರಡಿಸಿ, ಟೆಲಿಫೋನ್ ಕಂಪನಿ ಯಂತ್ರಕ್ಕೆ ಮಂಕುಬೂದಿ ಎರಚಿ ಟ್ರಂಕ್ ಕಾಲ್ ಬಿಟ್ಟಿ ಮಾಡ್ತಿದ್ರು, ಅವರದ್ದು ಕೇಳ್ದೆ ನುಗ್ಗೋ ದಾರಿ, ಡ್ರೇಪರ್ ಜೈಲಿಗೂ ಹೋಗಿ ಬಂದ.

1988ರ ನವೆಂಬರ್ 2 ಮಾತ್ರ ಸ್ವಲ್ಪ ನಿಂತು ನೋಡ್ಬೇಕಾದ ದಿನ. ಕಾರ್ನೆಲ್‌ನಲ್ಲಿ ಓದ್ತಿದ್ದ ರಾಬರ್ಟ್ ಮಾರಿಸ್ ಅನ್ನೋ 22-23ರ ಹುಡುಗ ತಾನಾಗೇ ಒಂದು ಮಷೀನಿಂದ ಇನ್ನೊಂದಕ್ಕೆ ಹರಡೋ ಪ್ರೋಗ್ರಾಮ್ ಬಿಟ್ಟ, ಇಂಥದ್ದನ್ನ ವರ್ಮ್, ಅಂದ್ರೆ ಹುಳ ಅಂತಾರೆ. ಈಗಾಗ್ಲೇ ಹೊಕ್ಕಿರೋ ಮಷೀನಿಗೆ ಮತ್ತೆ ಹೋಗದೇ ಇರೋ ಚೆಕ್ ಇತ್ತು, ಆದ್ರೆ ಯಾರಾದ್ರೂ ಅದನ್ನ ಮೋಸ ಮಾಡ್ಬೋದು ಅಂತ ಏಳರಲ್ಲಿ ಒಂದು ಸಲ ಹೇಗಿದ್ರೂ ನುಗ್ಗು ಅಂತ ಬರೆದಿಟ್ಟ, ಅಲ್ಲೇ ಲೆಕ್ಕ ಕೈ ಮೀರಿದ್ದು. ಒಂದೇ ಮಷೀನಲ್ಲಿ ನೂರಾರು ಪ್ರತಿ ಓಡೋಕೆ ಶುರುವಾಗಿ, ಆಗ ಇಂಟರ್ನೆಟ್ಟಲ್ಲಿದ್ದ ಸುಮಾರು 60 ಸಾವಿರ ಕಂಪ್ಯೂಟರ್‌ಗಳಲ್ಲಿ 6 ಸಾವಿರದಷ್ಟು ಕೂತ್ಬಿಟ್ವು ಅನ್ನೋ ಅಂದಾಜಿದೆ. ಹುಡುಗನಿಗೆ ಏನನ್ನೂ ಹಾಳು ಮಾಡೋ ಆಸೆ ಇರ್ಲಿಲ್ಲ, ಆದ್ರೂ ಕೋರ್ಟು ಬಿಡ್ಲಿಲ್ಲ, 3 ವರ್ಷ ಪ್ರೊಬೇಷನ್, 400 ಗಂಟೆ ಸಮಾಜ ಸೇವೆ, 10 ಸಾವಿರ ಡಾಲರ್ ಮೇಲೆ ದಂಡ. ಅವನು ಮುಂದೆ ಎಂಐಟಿಯಲ್ಲಿ ಪ್ರೊಫೆಸರ್ ಆದ. ನಮ್ಮ ಹುಡುಗರು ಸುಮ್ನೆ ಟ್ರೈ ಮಾಡಿ ನೋಡೋಣ ಅನ್ನೋವಾಗೆಲ್ಲ ನಂಗೆ ಈ ಕೇಸ್ ನೆನಪಾಗುತ್ತೆ. ಆ ಹುಳದಿಂದ ಆದ ಒಳ್ಳೇದು ಅಂದ್ರೆ ಕಾರ್ನೆಗಿ ಮೆಲನ್‌ನಲ್ಲಿ ಸರ್ಟ್ ಅನ್ನೋ ತುರ್ತು ತಂಡ ಹುಟ್ಟಿದ್ದು, ಎಲ್ಲಾದ್ರೂ ಬೆಂಕಿ ಬಿದ್ರೆ ಯಾರಿಗೆ ಫೋನ್ ಮಾಡ್ಬೇಕು ಅನ್ನೋದಕ್ಕೆ ಮೊದಲ ಸಲ ಒಂದು ವಿಳಾಸ ಸಿಕ್ತು.

ಆಮೇಲೆ ಬೇಗ ಬೇಗ ಬದಲಾಯ್ತು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ನಮ್ಮ ಬ್ರೌಸರಲ್ಲಿ ತಪ್ಪು ಹುಡುಕಿದೋರಿಗೆ ಬಹುಮಾನ ಅಂತ ಹೇಳ್ತು, ಬಗ್ ಬೌಂಟಿ ಅಂತ ಈಗ ಕರೆಯೋದು ಅದನ್ನೇ. 1998ರ ಮೇನಲ್ಲಿ ಲಾಫ್ಟ್ ಅನ್ನೋ ಗುಂಪಿನ ಏಳು ಜನ ಅಮೆರಿಕದ ಸೆನೆಟ್ ಮುಂದೆ ಕೂತು ನಾವು ಮನಸ್ಸು ಮಾಡಿದ್ರೆ ಅರ್ಧ ಗಂಟೇಲಿ ಇಂಟರ್ನೆಟ್ ನಿಲ್ಲಿಸ್ಬೋದು ಅಂದ್ರು, ದೊಡ್ಡೋರು ಬೈದು ಕಳಿಸೋ ಬದ್ಲು ಕೂತು ಕೇಳಿಸ್ಕೊಂಡ್ರು. 2010ರಲ್ಲಿ ಗೂಗಲ್, 2011ರಲ್ಲಿ ಫೇಸ್‌ಬುಕ್ ಬೌಂಟಿ ಶುರು ಮಾಡಿದ್ವು.

ನಮ್ಮ ದೇಶಕ್ಕೆ ಬಂದ್ರೆ ಐಟಿ ಕಾಯ್ದೆ ಜಾರಿಗೆ ಬಂದಿದ್ದು 2000ದ ಅಕ್ಟೋಬರ್ 17ಕ್ಕೆ. ಬೆಂಗಳೂರಲ್ಲಿ 2001ರಲ್ಲೇ ಇಡೀ ರಾಜ್ಯಕ್ಕೆ ಅಂತ ಸೈಬರ್ ಕ್ರೈಮ್ ಠಾಣೆ ಬಂತು, 2004ರಲ್ಲಿ ಸರ್ಟ್-ಇನ್ ಅನ್ನೋ ಕೇಂದ್ರ ಸರ್ಕಾರದ ತುರ್ತು ತಂಡ ಕೆಲಸ ಶುರು ಮಾಡ್ತು, ಕಾಯ್ದೆಯ 2008ರ ತಿದ್ದುಪಡಿ 2009ರ ಅಕ್ಟೋಬರಿಂದ ಜಾರಿಯಾಯ್ತು. ವಿದ್ಯಾರ್ಥಿಗಳು ಗಮನ ಇಟ್ಟು ಓದ್ಬೇಕಾದ್ದು ಸೆಕ್ಷನ್ 43 ಮತ್ತು 66. ಮಾಲೀಕರ ಅಥವಾ ಜವಾಬ್ದಾರಿ ಇರೋರ ಅನುಮತಿ ಇಲ್ದೆ ಕಂಪ್ಯೂಟರ್ ಒಳಗೆ ಹೋದ್ರೆ 43ರ ಪ್ರಕಾರ ಪರಿಹಾರ ಕಟ್ಬೇಕಾಗುತ್ತೆ, ಅದೇ ಕೆಲಸ ಅಪ್ರಾಮಾಣಿಕತೆಯಿಂದ ಮಾಡಿದ್ರೆ 66ರ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ ಅಥವಾ ಎರಡೂ. ಅಂದ್ರೆ ನನ್ನ ಮನಸ್ಸಲ್ಲಿ ಕೆಟ್ಟದ್ದಿರ್ಲಿಲ್ಲ ಸಾರ್ ಅನ್ನೋ ಮಾತು 66ಕ್ಕೆ ಉತ್ತರ ಆಗ್ಬೋದು, 43ಕ್ಕೆ ಆಗಲ್ಲ.

ಕೇಳಿ ನುಗ್ಗೋದು ಹೇಗಿರುತ್ತೆ ಅನ್ನೋಕೆ ನಂಗೆ ತುಂಬಾ ಇಷ್ಟವಾದ ಉದಾಹರಣೆ 2016ರದ್ದು. ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದ ಆನಂದ್ ಪ್ರಕಾಶ್ ಫೇಸ್‌ಬುಕ್ ಪಾಸ್‌ವರ್ಡ್ ಮರೆತಾಗ ಬರೋ ಆರು ಅಂಕಿ ಕೋಡನ್ನ ನೋಡಿದ್ರು. ಆರು ಅಂಕಿ ಅಂದ್ರೆ ಒಟ್ಟು 10 ಲಕ್ಷ ಸಾಧ್ಯತೆ, ಕೈಯಲ್ಲಿ ಆಗಲ್ಲ, ಕಂಪ್ಯೂಟರಿಗೆ ಅದೇನು ದೊಡ್ಡ ಸಂಖ್ಯೆ ಅಲ್ಲ, ಅದಕ್ಕೇ ಫೇಸ್‌ಬುಕ್ಕಿನ ಮುಖ್ಯ ಸೈಟಲ್ಲಿ ಹತ್ತು ಹನ್ನೆರಡು ಸಲ ತಪ್ಪು ಹಾಕಿದ್ರೆ ಬ್ಲಾಕ್ ಆಗ್ತಿತ್ತು. ಪರೀಕ್ಷೆಗೆ ಅಂತ ಇಟ್ಟಿದ್ದ ಬೀಟಾ ಸೈಟಲ್ಲಿ ಆ ಲಿಮಿಟ್ ಹಾಕೋದು ಮರೆತಿದ್ರು. ಅವರು ಪ್ರಯೋಗ ಮಾಡಿದ್ದು ಸ್ವಂತ ಅಕೌಂಟ್ ಮೇಲೆ, ಬೇರೆ ಯಾರದ್ದನ್ನೂ ಮುಟ್ಲಿಲ್ಲ, ಕಂಪನಿಗೆ ಬರೆದು ತಿಳಿಸಿದ್ರು, ಅದು ಸರಿ ಆದ ಮೇಲೇ ಎಲ್ರಿಗೂ ಹೇಳಿದ್ರು, 15 ಸಾವಿರ ಡಾಲರ್ ಬಂತು, ಆಗಿನ ಲೆಕ್ಕಕ್ಕೆ ಸುಮಾರು 10 ಲಕ್ಷ ರೂಪಾಯಿ. ಮಾಸ್ಕೆಲೈನ್ ಮಾಡ್ದೇ ಬಿಟ್ಟಿದ್ದನ್ನೆಲ್ಲ ಇವರು ಮಾಡಿದ್ರು ನೋಡಿ.

ಹೀಗೆ ಕಂಪನಿಗಳ ಸರ್ವರ್‌ಗಳು ವರ್ಷದಿಂದ ವರ್ಷಕ್ಕೆ ಗಟ್ಟಿ ಆದ್ವು, ಕಳ್ಳರು ಅಲ್ಲಿಂದ ತಿರುಗಿ ಮನುಷ್ಯರ ಕಡೆ ಬಂದ್ರು. ಇದೂ ಹಳೇ ವಿದ್ಯೆನೇ, 1995ರಲ್ಲಿ ಸಿಕ್ಕಿಬಿದ್ದ ಕೆವಿನ್ ಮಿಟ್ನಿಕ್‌ನ ದೊಡ್ಡ ಅಸ್ತ್ರ ಫೋನಲ್ಲಿ ಮಾತಾಡೋದಾಗಿತ್ತು, ಕಂಪನಿಯವನ ಥರಾನೇ ಮಾತಾಡಿ ಪಾಸ್‌ವರ್ಡ್ ಹೇಳಿಸ್ಕೊಳ್ತಿದ್ದ. ಚಿಕ್ಕಮಗಳೂರಿನ ಹೋಂಸ್ಟೇಗೆ ಈಗ ಬರೋ ಕಾಲ್ ಅದೇ ಜಾತಿದು: ನಾನು ಆರ್ಮಿ ಆಫೀಸರ್, ಹತ್ತು ಜನಕ್ಕೆ ರೂಮ್ ಬೇಕು, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ. ಯುಪಿಐನಲ್ಲಿ ದುಡ್ಡು ತಗೊಳ್ಳೋಕೆ ಪಿನ್ ಬೇಕಾಗಿಲ್ಲ, ಪಿನ್ ಕೇಳಿದ್ರೆ ನಿಮ್ಮ ದುಡ್ಡು ಹೋಗ್ತಿದೆ ಅಂತಾನೇ ಅರ್ಥ, ಇಷ್ಟನ್ನ ಮನೇಲಿರೋ ಪ್ರತಿಯೊಬ್ಬರಿಗೂ ಬಾಯಿಪಾಠ ಮಾಡಿಸಿ. ಕಾಫಿ ಬೆಳೆಗಾರರ ವಾಟ್ಸಾಪ್ ಗ್ರೂಪಿಗೆ ಪಿಎಂ ಕಿಸಾನ್ ಹೆಸರಲ್ಲಿ, ಟ್ರಾಫಿಕ್ ಫೈನ್ ಹೆಸರಲ್ಲಿ, ಮದುವೆ ಕಾಗದದ ಹೆಸರಲ್ಲಿ ಎಪಿಕೆ ಫೈಲ್, ಅಂದ್ರೆ ಫೋನಿಗೆ ಆ್ಯಪ್ ಹಾಕೋ ಫೈಲ್ ಬರ್ತವೆ. ಮದುವೆ ಕಾಗದ ಫೋಟೋ ಆಗಿರುತ್ತೆ, ಪಿಡಿಎಫ್ ಆಗಿರುತ್ತೆ, ಆ್ಯಪ್ ಆಗಿರಲ್ಲ. ಅದನ್ನ ಇನ್‌ಸ್ಟಾಲ್ ಮಾಡಿ ಎಸ್ಸೆಮ್ಮೆಸ್ ಓದೋಕೆ ಪರ್ಮಿಷನ್ ಕೊಟ್ರೆ ನಿಮ್ಮ ಓಟಿಪಿ ನೇರ ಅವರ ಕೈಗೆ, ಜೊತೆಗೆ ನಿಮ್ಮ ನಂಬರಿಂದಾನೇ ಅದೇ ಫೈಲು ನೆಂಟರಿಗೆಲ್ಲ ಹೋಗುತ್ತೆ.

ಮಲೆನಾಡಿಗೇ ಅಂತ ಇರೋ ಅಪಾಯ ಒಂದಿದೆ, ಇದನ್ನ ಯಾರೂ ಹೆಚ್ಚು ಮಾತಾಡಲ್ಲ. ಸಿಮ್ ಸ್ವಾಪ್ ಅಂದ್ರೆ ಕಳ್ಳ ನಿಮ್ಮ ಹೆಸರಲ್ಲಿ ನಕಲಿ ದಾಖಲೆ ಕೊಟ್ಟು ನಿಮ್ಮ ನಂಬರಿನ ಇನ್ನೊಂದು ಸಿಮ್ ತಗೊಳ್ಳೋದು, ಆಗ ನಿಮ್ಮ ಫೋನಿಂದ ನೆಟ್‌ವರ್ಕ್ ಹೋಗುತ್ತೆ, ಹೊರಗೆ ಎದ್ದು ಕಾಣೋ ಗುರುತು ಅದೇ. ಬೆಂಗಳೂರಲ್ಲಿ ಅರ್ಧ ದಿನ ಸಿಗ್ನಲ್ ಇಲ್ಲ ಅಂದ್ರೆ ಮನುಷ್ಯ ಸ್ಟೋರಿಗೆ ಓಡ್ತಾನೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಡೀಸೆಲ್ ಮುಗಿದ್ರೆ ಎರಡು ದಿನ ಸಿಗ್ನಲ್ ಇರಲ್ಲ, ಜನಕ್ಕೆ ಅದು ಮಾಮೂಲಿ, ಅನುಮಾನಾನೇ ಬರಲ್ಲ. ಹಾಗಾಗಿ ಪಕ್ಕದ ಮನೆಯೋರ ಅದೇ ಕಂಪನಿ ಸಿಮ್‌ಗೆ ಸಿಗ್ನಲ್ ಇದ್ದು ನಿಮ್ಮದಕ್ಕೆ ಮಾತ್ರ ಇಲ್ಲ ಅಂದ್ರೆ ಕಾಯ್ಬೇಡಿ, ಅವರ ಫೋನಿಂದಾನೇ ಕಂಪನಿಗೂ ಬ್ಯಾಂಕಿಗೂ ಕಾಲ್ ಮಾಡಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಸೈಟಲ್ಲಿ ನೋಡ್ಬೋದು, ಗೊತ್ತಿಲ್ದಿರೋ ನಂಬರಿದ್ರೆ ಅಲ್ಲೇ ದೂರು ಕೊಡ್ಬೋದು.

ಇನ್ನೊಂದು ವಿಷ್ಯ, ಜಮೀನು ಇರೋರಿಗೆಲ್ಲ ತಟ್ಟೋದು. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು, ಆಧಾರ್ ನಂಬರ್ ಬಳಸ್ಕೊಂಡು ಜನರ ಖಾತೆಯಿಂದ ದುಡ್ಡು ಎತ್ತಿದ ಕೇಸುಗಳು ಹೊರಬಂದ್ವು. ಆಧಾರ್ ಮೇಲೆ ದುಡ್ಡು ತೆಗೆಯೋ ಎಇಪಿಎಸ್ ವ್ಯವಸ್ಥೇಲಿ ಆಧಾರ್ ನಂಬರ್, ಬ್ಯಾಂಕ್ ಹೆಸರು, ಬೆರಳಚ್ಚು ಇದ್ರೆ ಸಾಕು, ಓಟಿಪಿ ಕೇಳಲ್ಲ. ಪಾಸ್‌ವರ್ಡ್ ಆದ್ರೆ ಬದಲಾಯಿಸ್ಬೋದು, ಬೆರಳು ಬದಲಾಯಿಸೋಕಾಗುತ್ತಾ? ಆಧಾರಿನ ಅಧಿಕೃತ ಆ್ಯಪಲ್ಲಿ ಬಯೋಮೆಟ್ರಿಕ್ ಲಾಕ್, ಅಂದ್ರೆ ಬೆರಳಚ್ಚಿಗೆ ಬೀಗ ಇದೆ, ಹಾಕಿಡಿ, ಬೇಕಾದಾಗ ಸ್ವಲ್ಪ ಹೊತ್ತು ತೆಗೆದ್ರಾಯ್ತು. ಝೆರಾಕ್ಸ್ ಅಂಗಡಿಗೆ ಪ್ರಿಂಟ್‌ಗೆ ಅಂತ ಆಧಾರ್ ವಾಟ್ಸಾಪ್ ಮಾಡಿದ್ರೆ ಕಣ್ಣೆದುರೇ ಡಿಲೀಟ್ ಮಾಡಿಸಿ, ಅಂಗಡಿಯೋರು ಬೇಜಾರ್ ಮಾಡ್ಕೊಳ್ಳಲ್ಲ. ಹಳೇ ವಿಂಡೋಸ್ ಓಡಿಸೋ ಅಂಗಡಿ, ಸೊಸೈಟಿ ಆಫೀಸಿನೋರಿಗೂ ಒಂದು ಮಾತು: 2017ರ ಮೇನಲ್ಲಿ ಜಗತ್ತನ್ನೇ ಅಲ್ಲಾಡಿಸಿದ ವನ್ನಾಕ್ರೈ ಅನ್ನೋ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್ಸಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಅಪ್‌ಡೇಟ್ ಕೊಟ್ಟಿತ್ತು, ಹೆಚ್ಚಾಗಿ ಸಿಕ್ಕಿಬಿದ್ದಿದ್ದು ಅದನ್ನ ಹಾಕದೇ ಇದ್ದೋರು.

ಮೋಸ ಆಗೋಯ್ತು ಅಂದ್ರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆ ಕ್ಷಣಾನೇ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರ್ತಾ ಹೋಗುತ್ತೆ, ಹಾರೋ ಮುಂಚೆ ತಡೆದ್ರೆ ವಾಪಸ್ ಬರೋ ಅವಕಾಶ ಇರುತ್ತೆ, ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೇಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡೋ ಸೆನ್ ಪೊಲೀಸ್ ಠಾಣೆ ಇದೆ. ನಂಗೆ ನಿಜವಾಗ್ಲೂ ಸಂಕಟ ಆಗೋದು ಜನ ನಾಚ್ಕೊಂಡು ಸುಮ್ನಾಗೋದು ಕಂಡಾಗ, ಮಕ್ಕಳು ಬೈತಾರೆ ಅಂತ ರಿಟೈರ್ಡ್ ಮೇಷ್ಟ್ರು ವಾರಗಟ್ಲೆ ಬಾಯಿ ಬಿಡಲ್ಲ. ಅವರಿಗೆ ಬೈಬೇಡಿ, ಅವರು ದಡ್ಡರಲ್ಲ, ದಿನಾ ಇದೇ ಕೆಲಸ ಮಾಡೋ ಗುಂಪಿನ ಎದುರು ಒಂಟಿಯಾಗಿದ್ರು. ಆರ್‌ಬಿಐ 2017ರಲ್ಲೇ ನಿಯಮ ಮಾಡಿದೆ: ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿಂದೂ ಅಲ್ಲ, ಮಧ್ಯ ಬೇರೆಲ್ಲೋ ಆಗಿದೆ ಅಂದ್ರೆ ಬ್ಯಾಂಕಿಂದ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ನಷ್ಟ ನಿಮ್ಮ ಮೇಲೆ ಬರಲ್ಲ. ನೀವೇ ಓಟಿಪಿ ಕೊಟ್ಟಿದ್ರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಹೋಗೋ ದುಡ್ಡಿಗೆ ಬ್ಯಾಂಕೇ ಹೊಣೆ. ವಿಡಿಯೋ ಕಾಲಲ್ಲೇ ನಿಮ್ಮನ್ನ ಬಂಧಿಸಿದ್ದೀವಿ ಅಂತ ಹೆದರಿಸೋ ಡಿಜಿಟಲ್ ಅರೆಸ್ಟ್ ಅಂತೂ ಕಾನೂನಲ್ಲೇ ಇಲ್ಲ, ಯೂನಿಫಾರ್ಮ್ ಕಂಡ್ರೂ ಕಟ್ ಮಾಡಿ.

ಈ ಕೆಲಸ ಕಲಿಯೋಕೆ ಹೊರಟಿರೋ ಹಾಸನ, ಚಿಕ್ಕಮಗಳೂರಿನ ಹುಡುಗ್ರಿಗೆ: ಸಾವಿರಗಟ್ಲೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ಕೋರ್ಸ್ ಸೇರೋ ಮುಂಚೆ ನೆಟ್‌ವರ್ಕಿಂಗ್, ಲಿನಕ್ಸ್, ಒಂದು ಪ್ರೋಗ್ರಾಮಿಂಗ್ ಭಾಷೆ ಕಲೀರಿ ಅನ್ನೋದು ನನ್ನ ಅಭಿಪ್ರಾಯ. ಅಭ್ಯಾಸಕ್ಕೆ ಅಂತಾನೇ ತೂತು ಬಿಟ್ಟು ಮಾಡಿರೋ ಸೈಟ್‌ಗಳಿದಾವೆ, ಓವಾಸ್ಪ್ ಅನ್ನೋ ಭದ್ರತಾ ಸಂಸ್ಥೆಯ ಜ್ಯೂಸ್ ಶಾಪ್ ಥರ, ನಿಮ್ಮ ಲ್ಯಾಪ್‌ಟಾಪಲ್ಲೇ ಹಾಕ್ಕೊಂಡು ಒಡೀರಿ, ಬಿಟ್ಟಿ. ಕಾಲೇಜ್ ವೈಫೈ, ರಿಸಲ್ಟ್ ಸೈಟು ಮುಟ್ಬೇಡಿ. ಯಾರಾದ್ರೂ ನಿಮ್ಮ ಬ್ಯಾಂಕ್ ಅಕೌಂಟ್ ಬಾಡಿಗೆಗೆ ಕೊಡಿ, ಕಮಿಷನ್ ಕೊಡ್ತೀವಿ ಅಂದ್ರೆ ಅದು ಕದ್ದ ದುಡ್ಡು ಸಾಗಿಸೋಕೆ, ಕೇಸು ನಿಮ್ಮ ಹೆಸರಿಗೇ ಬೀಳೋದು. ಇನ್ನು ಯಾವ್ದೋ ಸರ್ಕಾರಿ ಸೈಟಲ್ಲಿ ಬೇರೆಯೋರ ಮಾಹಿತಿ ಅಕಸ್ಮಾತ್ ಕಂಡ್ರೆ ಅಲ್ಲಿಗೇ ನಿಲ್ಸಿ, ಡೌನ್‌ಲೋಡ್ ಮಾಡ್ಬೇಡಿ, ಇನ್‌ಸ್ಟಾಗ್ರಾಮಿಗೆ ಹಾಕ್ಬೇಡಿ. ಯಾವ ಪೇಜು, ಯಾವತ್ತು ಎಷ್ಟು ಗಂಟೆಗೆ, ಏನು ಒತ್ತಿದಾಗ ಏನು ಕಾಣಿಸ್ತು ಅಂತ ಬರ್ಕೊಂಡು ಸರ್ಟ್-ಇನ್‌ಗೆ ಇಮೇಲ್ ಮಾಡಿ. ಇಂಥ ದೂರು ತಗೊಂಡು ಸಂಬಂಧಪಟ್ಟೋರಿಗೆ ಮುಟ್ಸೋದು ಅವರ ಕೆಲಸಾನೇ. ಕಳಿಸಿದ ಇಮೇಲಿನ ಪ್ರತಿ ತೆಗೆದಿಟ್ಕೊಳ್ಳಿ, ಕಾಲೇಜಲ್ಲಿ ನಂಬೋ ಲೆಕ್ಚರರ್ ಒಬ್ಬರಿಗೆ ಅವತ್ತೇ ತಿಳಿಸಿ.