ಯಾವ ಹೊತ್ತಿಗೆ, ಯಾರ ಜೊತೆ ಕುಡಿಯುತ್ತೀರಿ?

ಆಹಾರ ಸಲಹೆಗೆಂದು ಬರುವವರನ್ನು ‘ನಿನ್ನೆ ಬೆಳಗಿನಿಂದ ಏನೇನು ತೆಗೆದುಕೊಂಡಿರಿ’ ಎಂದು ಕೇಳಿದರೆ, ಇಡ್ಲಿ ಎಷ್ಟು, ಚಪಾತಿ ಎಷ್ಟು ಎಂಬುದು ತಡವರಿಸದೆ ಹೊರಬರುತ್ತದೆ. ಕುಡಿದದ್ದು ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ. ‘ಕಾಫಿ ದಿನಕ್ಕೆ ಎರಡೇ ಸಲ ಮೇಡಂ’ ಎಂದು ಹೇಳಿದವರ ಪಕ್ಕದಲ್ಲಿ ಹೆಂಡತಿಯೋ ಮಗಳೋ ಕುಳಿತಿದ್ದು, ಅವರು ನಕ್ಕುಬಿಟ್ಟರೆ ಉಳಿದದ್ದು ಒಂದೊಂದಾಗಿ ಹೊರಗೆ ಬರುತ್ತದೆ. ಇದನ್ನು ನಾನು ಸುಳ್ಳೆಂದು ಎಣಿಸುವುದಿಲ್ಲ. ಮನೆಯಲ್ಲಿ ಕುಡಿದದ್ದು ಅವರ ಪಾಲಿಗೆ ಕಾಫಿ, ಹೋಟೆಲಿನಲ್ಲಿ ಸ್ನೇಹಿತರೊಡನೆ ಕುಡಿದದ್ದು ಮಾತುಕತೆ.

ನಿವೃತ್ತ ನೌಕರರೊಬ್ಬರು ಸಕ್ಕರೆ ಕಾಯಿಲೆಗಾಗಿ ನನ್ನಲ್ಲಿಗೆ ಬರುತ್ತಿದ್ದರು. ಮನೆಯಲ್ಲಿ ಅವರದು ಸಕ್ಕರೆಯಿಲ್ಲದ ಕಾಫಿ, ಊಟವೂ ಹಿತಮಿತ. ಆದರೂ ರಕ್ತದ ವರದಿ ಇಳಿಯುತ್ತಿರಲಿಲ್ಲ. ಬೆಳಗಿನ ವಾಕಿಂಗ್ ಮುಗಿಸಿದ ಮೇಲೆ, ಬ್ಯಾಂಕಿನ ಕೆಲಸಕ್ಕೆ ಹೋದಾಗ, ಸಂಜೆ ಪೇಟೆಯ ಕಡೆ ಹೊರಟಾಗ ಎಂದು ದಿನಕ್ಕೆ ಆರು ಬೈ-ಟೂ ಆಗುತ್ತಿದ್ದವು. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಈ ಪದ್ಧತಿಯಲ್ಲಿ ಪ್ರಮಾಣ ಎಷ್ಟು ಸಣ್ಣದಾಗಿ ಕಾಣುತ್ತದೆಂದರೆ, ಕುಡಿದವರಿಗೇ ಕುಡಿದ ನೆನಪಿರುವುದಿಲ್ಲ. ಒಂದೊಂದರಲ್ಲಿ ಒಂದು ಚಮಚ, ಅಂದರೆ ಸುಮಾರು 5 ಗ್ರಾಂ ಸಕ್ಕರೆ ಎಂದು ಹಿಡಿದರೂ ಆರಕ್ಕೆ 30 ಗ್ರಾಂ ಆಯಿತು. ದಿನಕ್ಕೆ 2000 ಕ್ಯಾಲೊರಿ ಆಹಾರ ತೆಗೆದುಕೊಳ್ಳುವ ಆರೋಗ್ಯವಂತರಿಗೂ ಹೊರಗಿನಿಂದ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಲೆಕ್ಕ. ‘ಹೊರಗಿನ ಕಾಫಿ ಬಿಡಿ’ ಎಂದು ಎರಡು ಸಲ ಬರೆದುಕೊಟ್ಟೆ. ಎರಡು ಸಲವೂ ಅವರು ತಲೆಯಾಡಿಸಿ ಹೋಗಿ, ಬಿಡದೆ ಬಂದರು. ಮೂರನೆಯ ಸಲ, ಯಾರ ಜೊತೆ ಕುಡಿಯುತ್ತೀರೆಂದು ಕೇಳಿದ ಮೇಲೆಯೇ ನನ್ನ ತಪ್ಪು ನನಗೆ ತಿಳಿದದ್ದು. ಕಾಫಿ ಬೇಡವೆನ್ನುವುದೆಂದರೆ ಅವರ ಮಟ್ಟಿಗೆ ಆ ಮೇಜಿನ ಬಳಿ ಕೂರುವುದೂ ಬೇಡವೆಂದಂತೆ. ಅವರಿಗೆ ಬೇಕಿದ್ದದ್ದು ಮಾಣಿಗೆ ‘ಸಕ್ಕರೆ ಬೇರೆ ಕೊಡಪ್ಪ’ ಎಂದು ಹೇಳುವ ಅಭ್ಯಾಸವಷ್ಟೇ. ಅದರಿಂದ ನೆಂಟಸ್ತಿಕೆಗೇನೂ ಧಕ್ಕೆಯಾಗಲಿಲ್ಲ.

ಅಂದಿನಿಂದ ನಾನು ಕೊಡುವ ದಿನಚರಿಯ ಹಾಳೆಯಲ್ಲಿ, ಏನು ಕುಡಿದಿರಿ ಎಂಬುದರ ಪಕ್ಕದಲ್ಲಿ, ಯಾವ ಹೊತ್ತು, ಹವೆ ಹೇಗಿತ್ತು, ಯಾರಿದ್ದರು, ಮನಸ್ಸು ಹೇಗಿತ್ತು ಎಂದು ಬರೆಯಲು ಜಾಗ ಬಿಡುತ್ತೇನೆ. ಬಾಯಾರಿಕೆ ಎಂಬ ಕಾರಣ ಅಲ್ಲಿ ಅಪರೂಪಕ್ಕೆ ಕಾಣುತ್ತದೆ.

ಬಾಯಾರಿಕೆಯ ವ್ಯವಸ್ಥೆ ಬಹಳ ಸೂಕ್ಷ್ಮವಾದದ್ದು. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಭಾಗ ಏರಿದರೆ ಮಿದುಳಿನ ಹೈಪೊಥಲಾಮಸ್ ಅದನ್ನು ಗುರುತಿಸಿ ನೀರು ಬೇಕೆಂದು ಹೇಳುತ್ತದೆ. ಆದರೆ ಹವೆ ಅದನ್ನು ದಾರಿ ತಪ್ಪಿಸುತ್ತದೆ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತ ದೇಹದ ಒಳಭಾಗಕ್ಕೆ ಸರಿದಾಗ, ಒಳಗೆ ದ್ರವ ಸಾಕಷ್ಟಿದೆಯೆಂದು ದೇಹ ತಪ್ಪಾಗಿ ತಿಳಿಯುತ್ತದೆ. ಮೂತ್ರ ಹೆಚ್ಚುತ್ತದೆ, ಬಾಯಾರಿಕೆ ಕಡಿಮೆಯಾಗುತ್ತದೆ. ವಯಸ್ಸಾದವರಲ್ಲಿ ಬಾಯಾರಿಕೆ ಮೊದಲೇ ಮಂದವಾಗಿರುತ್ತದೆ. ತೀರ್ಥಹಳ್ಳಿ, ಆಗುಂಬೆಯ ಕಡೆಯಿಂದ ಆಷಾಢದಲ್ಲಿ ಬರುವ ಅಜ್ಜಿಯಂದಿರು ‘ಮಳೆಗಾಲದಲ್ಲಿ ನೀರು ಸೇರುವುದೇ ಇಲ್ಲ’ ಎನ್ನುವುದು ಈ ಕಾರಣದಿಂದ. ಮಲಬದ್ಧತೆ, ಉರಿಮೂತ್ರ ಎಂಬ ದೂರುಗಳೂ ಅದರ ಬೆನ್ನಿಗೇ ಬರುತ್ತವೆ. ಅವರಿಗೆ ದಿನಕ್ಕೆ ಎಂಟು ಲೋಟ ನೀರು ಎಂದು ಉಪದೇಶಿಸಿದರೆ ಪ್ರಯೋಜನವಿಲ್ಲ. ಕೊತ್ತಂಬರಿ, ಜೀರಿಗೆಯ ಬಿಸಿ ಕಷಾಯ ಎಂದರೆ ಮೂರು ಸಲ ಕುಡಿಯುತ್ತಾರೆ. ಕಷಾಯದ ಔಷಧ ಗುಣಗಳ ಬಗ್ಗೆ ಕೇಳಿಬರುವುದೆಲ್ಲವನ್ನೂ ನಾನು ಒಪ್ಪುವುದಿಲ್ಲ, ಆದರೆ ಬಿಸಿಯ ಆಸೆಗೆ ನೀರು ಒಳಗೆ ಹೋಗುತ್ತದೆ ಎಂಬುದೇ ನನಗೆ ಸಾಕು. ಅದಕ್ಕೆ ಹಾಕುವ ಬೆಲ್ಲ ಸಕ್ಕರೆಯಲ್ಲವೆಂದು ವಾದಿಸುವವರೊಡನೆ ಮಾತ್ರ ಹದಿನೆಂಟು ವರ್ಷಗಳಿಂದ ಸೋಲುತ್ತಲೇ ಬಂದಿದ್ದೇನೆ.

ಬೇಸಿಗೆಯ ವಿಚಾರ ಇದಕ್ಕಿಂತ ಕುತೂಹಲದ್ದು. ನಾನು ವೃತ್ತಿ ಆರಂಭಿಸಿದ್ದು ಕಲಬುರಗಿಯಲ್ಲಿ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟಿದ ಮಧ್ಯಾಹ್ನವೂ ಜನ ಬಿಸಿ ಚಹಾ ಕುಡಿಯುವುದನ್ನು ಕಂಡು, ಮಲೆನಾಡಿನಿಂದ ಹೋದ ನಾನು ಬೆರಗಾಗಿದ್ದೆ. ಅದರಲ್ಲಿ ತಕ್ಕಮಟ್ಟಿನ ತಥ್ಯವಿದೆ. ಬಿಸಿ ಪೇಯ ಒಳಗೆ ಹೋದೊಡನೆ ಬೆವರು ಹೆಚ್ಚುತ್ತದೆ. ಒಣಹವೆಯಲ್ಲಿ ಆ ಬೆವರು ಪೂರ್ತಿ ಆವಿಯಾದರೆ, ಪೇಯ ತಂದ ಶಾಖಕ್ಕಿಂತ ಹೆಚ್ಚಿನ ಶಾಖವನ್ನು ಅದು ಹೊರಗೆ ಒಯ್ಯಬಲ್ಲದು. ಮಂಗಳೂರಿನಂಥ ತೇವದ ಹವೆಯಲ್ಲಿ ಬೆವರು ಆವಿಯಾಗದೆ ತೊಟ್ಟಿಕ್ಕುವುದರಿಂದ ಈ ಲಾಭ ದೊರೆಯುವುದಿಲ್ಲ. ಕರಾವಳಿಯವರು ಬೊಂಡವನ್ನೂ (ಎಳನೀರು) ಪುನರ್ಪುಳಿ ಶರಬತ್ತನ್ನೂ ಬಯಸುವುದರಲ್ಲಿ ಆಶ್ಚರ್ಯವೇನಿಲ್ಲ. ಎಲ್ಲಿಯವರೇ ಆದರೂ ಚಹಾವನ್ನು ಸ್ವಲ್ಪ ಆರಿಸಿ ಕುಡಿಯಬೇಕು. 65 ಡಿಗ್ರಿಗಿಂತ ಬಿಸಿಯಾದ ಪೇಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿದೆ. ರಾಮನವಮಿಯ ಪಾನಕ, ನೀರುಮಜ್ಜಿಗೆಗಳು ಹವೆಯನ್ನು ಪಂಚಾಂಗಕ್ಕೆ ಸೇರಿಸಿದ ಜಾಣತನದಂತೆ ನನಗೆ ಕಾಣುತ್ತವೆ. ರಕ್ತದೊತ್ತಡವಿರುವವರು ಮಜ್ಜಿಗೆಗೆ ಬೀಳುವ ಉಪ್ಪಿನ ಮೇಲೆ ಕಣ್ಣಿಟ್ಟರಾಯಿತು.

ಮನಸ್ಸಿನ ವಿಷಯಕ್ಕೆ ಬಂದರೆ ಕಾಫಿಯೇ ಮುಂದೆ ನಿಲ್ಲುತ್ತದೆ. ಆಯಾಸವನ್ನು ಸೂಚಿಸುವ ಅಡೆನೊಸಿನ್ ಎಂಬ ವಸ್ತು ಮಿದುಳಿನಲ್ಲಿ ಕೂರಬೇಕಾದ ಜಾಗವನ್ನು ಕೆಫೀನ್ ಆಕ್ರಮಿಸುವುದರಿಂದ, ದಣಿವು ಇದ್ದೂ ಇಲ್ಲದಂತೆ ತೋರುತ್ತದೆ. ನಿತ್ಯ ಕುಡಿಯುವವರು ಒಂದು ದಿನ ತಪ್ಪಿಸಿದರೆ 12ರಿಂದ 24 ಗಂಟೆಗಳೊಳಗೆ ತಲೆನೋವು, ಸಿಡುಕು, ಮಂಕು ಶುರುವಾಗುತ್ತವೆ. ಉಪವಾಸದ ದಿನ ಹಸಿವಿನಿಂದ ಬಂತೆಂದು ತಿಳಿಯುವ ತಲೆನೋವು ಎಷ್ಟೋ ಸಲ ಕಾಫಿಯದು. ಏಕಾದಶಿಯಲ್ಲೂ ಕಾಫಿಗೆ ವಿನಾಯಿತಿ ಕೊಟ್ಟವರು ಇದನ್ನು ಅನುಭವದಿಂದಲೇ ಕಂಡುಕೊಂಡಿರಬೇಕು. ಹಾಗಾಗಿ ಬೆಳಗಿನ ಮೊದಲ ಲೋಟ ಕೊಡುವ ಉಲ್ಲಾಸದಲ್ಲಿ ಒಂದು ಪಾಲು ಹೊಸದು, ಇನ್ನೊಂದು ಪಾಲು ಹಳೆಯ ಸಾಲದ ತೀರಿಕೆ. ಆತಂಕದ ಹೊತ್ತಿನಲ್ಲಿ ‘ಒಂದು ಸ್ಟ್ರಾಂಗ್ ಕಾಫಿ’ ಕೇಳುವವರಿಗೆ ನಾನು ಎಚ್ಚರ ಹೇಳುತ್ತೇನೆ, ಏಕೆಂದರೆ ಕೆಫೀನ್ ಎದೆಬಡಿತ, ನಡುಕಗಳನ್ನು ಹೆಚ್ಚಿಸಿ ಆತಂಕಕ್ಕೇ ಇಂಬುಕೊಡಬಹುದು. ಅದರ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಪರೀಕ್ಷೆಗೆ ಓದುವ ಮಕ್ಕಳು ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಉಳಿದಿರುತ್ತದೆ. ಮದ್ಯದ ಬಗ್ಗೆ ಒಂದೇ ಮಾತು: ಚಳಿಗೆಂದು ಕುಡಿದಾಗ ಮೈ ಬೆಚ್ಚಗಾದಂತೆ ಅನ್ನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ, ಮತ್ತು ಅದೇ ದಾರಿಯಿಂದ ದೇಹದ ಶಾಖ ಹೊರಗೆ ಹೋಗುತ್ತಿರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ ದಿನದ ಕೆಫೀನ್ 300 ಮಿಲಿಗ್ರಾಂ ಮೀರದಿರಲಿ ಎನ್ನುತ್ತದೆ. ಅದರ ಪ್ರಕಾರ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಅಷ್ಟೇ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಊಟಕ್ಕೆ ಮುಂಚೆ ಮತ್ತು ಅನಂತರ ಕನಿಷ್ಠ ಒಂದು ಗಂಟೆ ಕಾಫಿ, ಚಹಾ ಬೇಡ ಎಂಬ ಸಲಹೆಯೂ ಅದರಲ್ಲಿದೆ. ಅವುಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ.

ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ನನಗೆ ಕಲಿಸಿದವರು ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುತ್ತಿದ್ದ ಒಬ್ಬ ಸೊಸೆ. ಮಾತ್ರೆ ತಪ್ಪುತ್ತಿರಲಿಲ್ಲ, ಸೊಪ್ಪು ಕಾಳು ತಿನ್ನುತ್ತಿದ್ದರು, ಆದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ. ದಿನಚರಿಯ ಹಾಳೆ ತಂದಾಗ, ಮಧ್ಯಾಹ್ನದ ಊಟವಾಗಿ ಮಾತ್ರೆ ನುಂಗಿದ ಹತ್ತೇ ನಿಮಿಷಕ್ಕೆ ‘ಚಹಾ, ಅತ್ತೆಯ ಜೊತೆ’ ಎಂದು ಏಳು ದಿನವೂ ಬರೆದಿತ್ತು. ಅದನ್ನು ಬಿಡಬಹುದೇ ಎಂದು ಕೇಳಿದೆ. ‘ಬಿಡಬಹುದು ಮೇಡಂ, ಆದರೆ ದಿನದಲ್ಲಿ ಅತ್ತೆ ನನ್ನ ಜೊತೆ ಮಾತಾಡೋದು ಅದೊಂದೇ ಹೊತ್ತು’ ಎಂದರು. ನಮ್ಮ ಶಿರಸಿ ಕಡೆ ಮನೆಗೆ ಬಂದವರನ್ನು ‘ಆಸರಿಗೆ ಎಂತ ಬೇಕು’ ಎಂದು ಕೇಳುತ್ತಾರೆ. ಆಸರು ಎಂದರೆ ಬಾಯಾರಿಕೆ. ಬಂದವರಿಗೆ ಅದು ಇರಬೇಕೆಂದೇನಿಲ್ಲ, ಕೇಳುವವರಿಗೂ ಅದು ಗೊತ್ತು. ಮುಂದಿನ ಭೇಟಿಗೆ ಅತ್ತೆಯನ್ನೂ ಕರೆತರಲು ಹೇಳಿದೆ. ಟ್ಯಾನಿನ್ ವಿವರಣೆಯನ್ನು ಅವರು ಅರ್ಧದಲ್ಲೇ ತಡೆದು, ‘ಊಟ ಆದಕೂಡಲೆ ಲಿಂಬೆ ಪಾನಕ ಮಾಡಿಕೊಂಡು ಕೂತರಾಯ್ತು, ಚಹಾ ಸಂಜೆಗೆ’ ಎಂದು ತೀರ್ಮಾನ ಕೊಟ್ಟರು. ಲಿಂಬೆಯ ಸಿ ಜೀವಸತ್ವ ಕಬ್ಬಿಣಾಂಶ ಸೇರಲು ನೆರವಾಗುವುದರಿಂದ, ನಾನು ಹೇಳಬೇಕೆಂದಿದ್ದುದಕ್ಕಿಂತ ಅದು ಒಳ್ಳೆಯ ಸಲಹೆಯಾಗಿತ್ತು. ಸಕ್ಕರೆ ಕಡಿಮೆ ಹಾಕಿ ಎಂದಷ್ಟೇ ಸೇರಿಸಿದೆ. ಅದಾದ ಮೂರನೆಯ ತಿಂಗಳ ವರದಿಯಲ್ಲಿ ಹಿಮೋಗ್ಲೋಬಿನ್ ಏರಿತ್ತು. ಸಂಜೆಯ ಚಹಾಕ್ಕೂ ಈಗ ಇಬ್ಬರೂ ಕೂರುತ್ತಾರಂತೆ.