ಮುಟ್ಟು ನಿಲ್ಲುವ ಹೊತ್ತಿನ ಮರೆವು ಕಾಯಿಲೆಯೇ?

ಪ್ರಶ್ನೆ: ನನಗೆ 46 ವರ್ಷ. ಮುಟ್ಟು ಏರುಪೇರಾಗಿದೆ. ಮಾತಾಡುತ್ತಿದ್ದಂತೆ ಪರಿಚಿತರ ಹೆಸರೇ ಬಾಯಿಗೆ ಬರುವುದಿಲ್ಲ. ಇದು ಮರೆಗುಳಿ ರೋಗದ ಶುರುವೇ?

ಉತ್ತರ: ಬಹುಮಟ್ಟಿಗೆ ಅಲ್ಲ. ಹಾಗೆಂದು ಇದು ನಿಮ್ಮ ಭ್ರಮೆಯೂ ಅಲ್ಲ. "ಟೆನ್ಷನ್ ಮಾಡ್ಕೋಬೇಡ" ಎಂದು ಮನೆಯವರು ತಳ್ಳಿಹಾಕುವ ಈ ಮರೆವಿಗೆ ಮಿದುಳಿನಲ್ಲೇ ಕಾರಣವಿದೆ.

ಈಸ್ಟ್ರೊಜೆನ್ ಎಂಬ ಹೆಣ್ಣಿನ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಅಂಡಾಶಯದಲ್ಲಿ. ಅದರ ಕೆಲಸ ಮಾತ್ರ ಗರ್ಭಕೋಶಕ್ಕೇ ಮುಗಿಯುವುದಿಲ್ಲ. ಮಿದುಳಿನಲ್ಲಿ ನೆನಪು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲೂ, ಗಮನವನ್ನು ಹಿಡಿದಿಡುವ ಹಣೆಯ ಹಿಂದಿನ ಭಾಗದಲ್ಲೂ ಅದಕ್ಕೆ ಗ್ರಾಹಕಗಳಿವೆ, ಅಂದರೆ ಅದರ ಸಂದೇಶ ಹಿಡಿಯುವ ತಾಣಗಳಿವೆ. 1990ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಕ್ಯಾಥರೀನ್ ವೂಲಿ, ಬ್ರೂಸ್ ಮ್ಯಾಕ್‌ಯೂಯೆನ್ ಮತ್ತು ಸಂಗಡಿಗರು ಹೆಣ್ಣಿಲಿಗಳ ಹಿಪೊಕ್ಯಾಂಪಸ್ ಪರೀಕ್ಷಿಸಿದರು. ನರಕೋಶದ ಟಿಸಿಲುಗಳ ಮೇಲೆ ಸಣ್ಣ ಮುಳ್ಳುಗಳಿರುತ್ತವೆ. ಪಕ್ಕದ ಕೋಶದ ಸಂದೇಶ ಬಂದು ತಲುಪುವುದು ಅಲ್ಲಿಗೆ. ಇಲಿಯ ನಾಲ್ಕೈದು ದಿನದ ಋತುಚಕ್ರದೊಳಗೇ, ಈಸ್ಟ್ರೊಜೆನ್ ಏರಿಳಿದಂತೆ ಆ ಮುಳ್ಳುಗಳು ಹೆಚ್ಚಿ, ಮತ್ತೆ ಕಡಿಮೆಯಾಗುತ್ತಿದ್ದವು. ಬೆಳೆದು ನಿಂತ ಮಿದುಳು ಇಷ್ಟು ಬೇಗ ಬದಲಾಗುತ್ತದೆಂಬುದು ನನಗೆ ಈಗಲೂ ಬೆರಗು.

ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಈಸ್ಟ್ರೊಜೆನ್ ಒಂದೇ ಸಮನೆ ಇಳಿಯುವುದಿಲ್ಲ, ಏರಿಳಿಯುತ್ತದೆ. ಪೆಟ್ಟು ಹೆಚ್ಚಾಗಿ ಬೀಳುವುದು ಪದ, ಹೆಸರುಗಳ ನೆನಪಿನ ಮೇಲೆ. ರಾತ್ರಿ ಮೈ ಕಾದು, ಬೆವರಿ, ನಿದ್ದೆಗೆಟ್ಟರೆ ಮರೆವು ಇನ್ನಷ್ಟು ಹೆಚ್ಚುತ್ತದೆ. ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ನಾಲ್ಕು ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅವಧಿಯಲ್ಲಿ ಕುಂಠಿತವಾದ ಕಲಿಕೆ ಮುಟ್ಟು ನಿಂತ ಮೇಲೆ ಚೇತರಿಸಿಕೊಂಡಿತ್ತು.

ಹಾಗಾದರೆ ಹಾರ್ಮೋನ್ ಮಾತ್ರೆ? ನೆನಪಿಗಾಗಿಯೇ ಬೇಡ. 65 ದಾಟಿದವರಿಗೆ ಈಸ್ಟ್ರೊಜೆನ್ ಜೊತೆಗೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನೂ ಕೊಟ್ಟ ಪ್ರಯೋಗದಲ್ಲಿ ಡಿಮೆನ್ಷಿಯಾ (ಮರೆಗುಳಿ ರೋಗ) ಅಪಾಯ ಸುಮಾರು ಇಮ್ಮಡಿಯಾಗಿದ್ದು 2003ರಲ್ಲಿ ತಿಳಿದುಬಂತು. ಮೈ ಬಿಸಿಯೇರುವ ತೊಂದರೆ ವಿಪರೀತವಾಗಿದ್ದರೆ ಮಾತ್ರ ಹಾರ್ಮೋನ್ ಬಗ್ಗೆ ವೈದ್ಯರೊಂದಿಗೆ ಮಾತಾಡಿ. ಥೈರಾಯ್ಡ್, ಬಿ12, ಹಿಮೊಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ. ಇವುಗಳಲ್ಲಿ ಏರುಪೇರಾದರೂ ಮರೆವು ಬರುತ್ತದೆ. ದಿನಾ ಓಡಾಡುವ ದಾರಿಯೇ ತಪ್ಪುತ್ತಿದ್ದರೆ ನರರೋಗ ತಜ್ಞರ ಬಳಿ ಹೋಗಲು ತಡಮಾಡಬೇಡಿ.

ಮುಟ್ಟು ತಾನಾಗಿ ನಿಲ್ಲುವ ಮುಂಚೆಯೇ ಅಂಡಾಶಯ ತೆಗೆಸಿಕೊಂಡವರ ವಿಷಯ ಬೇರೆ. ಅಂಥವರಲ್ಲಿ ಮುಂದೆ ನೆನಪಿನ ಶಕ್ತಿ ಕುಂದುವ ಅಪಾಯ ಹೆಚ್ಚೆಂದು ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 2007ರಲ್ಲಿ ವರದಿ ಮಾಡಿದರು. ನಮ್ಮಲ್ಲಿ "ಮಕ್ಕಳಾಯ್ತಲ್ಲ, ಗರ್ಭಚೀಲ ತೆಗೆಸಿಬಿಡಿ" ಎನ್ನುವ ಸಲಹೆ ಬಹಳ ಸಲೀಸಾಗಿ ಸಿಗುತ್ತದೆ. ಅದರ ಜೊತೆಗೇ ಅಂಡಾಶಯಗಳನ್ನೂ ತೆಗೆಯುವುದುಂಟು. ಯಾರಾದರೂ ಹಾಗೆ ಹೇಳಿದರೆ, ಸಹಿ ಹಾಕುವ ಮೊದಲು ಕೇಳಿ: ಬೇರೆ ಚಿಕಿತ್ಸೆ ಇದೆಯೇ? ಅಂಡಾಶಯಗಳನ್ನು ಉಳಿಸುತ್ತೀರಾ? ತೆಗೆಯಲೇಬೇಕೆಂದರೆ ಕಾರಣವೇನು, ಆಮೇಲೆ ಹಾರ್ಮೋನ್ ಕೊಡುತ್ತೀರಾ?